ಮೂರನೇ ಮಹಡಿಯ ಜಿಗಿತ

ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು. ಪಕ್ಕದಲ್ಲಿ ಸಿನಿಮಾ ಕಂಪನಿಯ ಮ್ಯಾನೇಜರ್ ಒಂದು ಕಾಗದ, ಪೆನ್ನು ಚಾಚಿದ್ದ. ಎದುರಿಗಿದ್ದವಳು ನಾಯಕಿಯ ಡೂಪ್. ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದಳು.

"ಸಹಿ ಹಾಕಮ್ಮ. ಜಿಗಿದಿದ್ದು ನಾಯಕಿನೇ ಅಂತ ಒಪ್ಕೊಂಡ್ರೆ ಮುಗೀತು."

"ಮುರಿದಿದ್ದು ಅವರ ಕೈಯಾ ಸಾರ್?"

"ಡೂಪ್ ಇಲ್ದೇ ಜಿಗಿದ್ರು ಅಂತ ಪೋಸ್ಟರ್ ಆಗಲೇ ಅಚ್ಚಾಗಿದೆ."

"ಹಾಗಾದ್ರೆ ಮುಂದಿನ ಸಲ ಪೋಸ್ಟರನ್ನೇ ಮಹಡಿಯಿಂದ ತಳ್ಳಿ."

"ಹಟ ಮಾಡಿದ್ರೆ ಇನ್ಮೇಲೆ ಯಾರೂ ಕೆಲಸಕ್ಕೆ ಕರೆಯಲ್ಲ."

"ಬೇಡ ಬಿಡಿ. ನಾಯಕಿನೇ ಬೀಳ್ಲಿ, ನಾನು ಟಿಕೆಟ್ ತಗೊಂಡು ನೋಡ್ತೀನಿ."

"ಆಸ್ಪತ್ರೇಲಾದ್ರೂ ಮೆಟ್ಟಿಲಲ್ಲಿ ಜಾರಿಬಿದ್ದೆ ಅನ್ನು. ಹಾಗಂತಲೇ ಬರೆಸಿದೀನಿ."

"ನಾನು ಈ ಕೆಲಸದಲ್ಲಿ ಒಂದ್ಸಲಾನೂ ಜಾರಿಲ್ಲ ಸಾರ್. ಹೇಳಿದ ಜಾಗಕ್ಕೇ ಬಿದ್ದಿದೀನಿ. ಕ್ಯಾಮೆರಾಗೆ ಕಾಣುತ್ತೆ ಅಂತ ಕೆಳಗೆ ಹಾಕಿದ್ದ ಹಾಸಿಗೆ ಸರಿಸಿದ್ದು ನೀವು."

ನರ್ಸ್ ಬಾಗಿಲಿಗೆ ಬಂದು ಚೀಟಿ ಓದಿದಳು. "ಮೆಟ್ಟಿಲಲ್ಲಿ ಜಾರಿದವರು ಯಾರು?"

"ಅಂಥವರು ಇಲ್ಲಿ ಯಾರೂ ಇಲ್ಲ ಸಿಸ್ಟರ್. ಮೂರನೇ ಮಹಡಿಯಿಂದ ಜಿಗಿದವಳು ನಾನು. ಹಾಗೇ ಬರ್ಕೊಳ್ಳಿ, ಒಳಗೆ ಬರ್ತೀನಿ."

ನರ್ಸ್ ಜೇಬು ತಡಕಿದಳು. ಆಮೇಲೆ ಮ್ಯಾನೇಜರ್ ಇನ್ನೂ ಚಾಚಿಕೊಂಡೇ ಇದ್ದ ಪೆನ್ನನ್ನು ಇಸಕೊಂಡು ಚೀಟಿ ತಿದ್ದಿದಳು. ಬಾಗಿಲು ಮುಚ್ಚಿತು.