ಇದ್ದಲ್ಲೇ ಇರಲಿ

ಗೋಡೆಯಾಚೆ ಇರುವೆ ಕೆಮ್ಮಿದರೂ ಕೇಳುವ ಕಿವಿ ನನ್ನದು. ಹೃದಯದ ವಾರ್ಡಿನ ಹೊರಗೆ, ನನ್ನ ಪಕ್ಕದಲ್ಲೇ ಅಕ್ಕಸಾಲಿಗನೊಬ್ಬ ಕೂತಿದ್ದ. ಜೊತೆಗೆ, ಗಾಲಿಕುರ್ಚಿಯಲ್ಲಿ, ಪೇಸ್‌ಮೇಕರಿನ ತಂತಿ ಕೆಟ್ಟಿದ್ದ ಅವನ ಹೆಂಡತಿ.

“ಹೊಸ ತಂತಿಯ ತುದಿ ಪ್ಲಾಟಿನಮ್ಮಂತೆ ಕಣೇ. ಗಟ್ಟಿಯಾಗ್ಲಿ ಅಂತ ಇರಿಡಿಯಮ್ ಬೆರೆಸಿರ್ತಾರಂತೆ.”

“ಸದ್ಯ, ಚಿನ್ನ ಆಗಿದ್ರೆ ನೀವು ಒರೆಗೆ ಹಚ್ಚದೆ ಬಿಡ್ತಿರ್ಲಿಲ್ಲ. ಹಳೇದನ್ನ ತೆಗೀತಾರಾ?”

“ಇಲ್ಲ. ಸುತ್ತ ಮಾಂಸ ಬೆಳೆದು ಕಚ್ಕೊಂಡಿದೆ. ಎಳೆದ್ರೆ ಗುಂಡಿಗೇನೇ ಹರಿಯಬಹುದಂತೆ. ಅದನ್ನ ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಹೊಸದು ಹಾಕ್ತಾರೆ.”

ನರ್ಸ್ ಬಂದು ಹೆಂಡತಿಯ ಬೆರಳಿನ ಉಂಗುರ ತೆಗೆಯಲು ಹೇಳಿದಳು. ಆನೆ ಕಟ್ಟಿ ಎಳೆಸಿದರೂ ಅದು ಬರುವಂತಿರಲಿಲ್ಲ. ಅವನು ಜೇಬಿನಿಂದ ಕಸುಬಿನ ಕತ್ತರಿ ತೆಗೆದ.

“ನಂಗೇಂತ ನೀವು ಮಾಡಿದ ಮೊದಲ್ನೇದು ರೀ.”

ಅವನ ಕೈ ನಿಂತಿತು.

“ಸಿಸ್ಟರ್, ಇದೂ ಮಾಂಸ ಕಚ್ಕೊಂಡಿದೆ. ಇದ್ದಲ್ಲೇ ಇರ್ಲಿ ಬಿಡಿ.”

ನರ್ಸ್ ಉಂಗುರದ ಮೇಲೆ ಅಂಟುಪಟ್ಟಿ ಸುತ್ತಿ, ಗಾಲಿಕುರ್ಚಿ ತಳ್ಳಿದಳು.

“ಪ್ಲಾಟಿನಮ್ ಹಾಕಿಸ್ಕೊಂಡು ಬರ್ತೀನಿ. ಇಲ್ಲೇ ಕೂತಿರಿ.”