ಗೋಡೆಯೊಳಗಿನವಳು

ಮಳೆ ಹಿಡಿದ ಸಂಜೆ. ಕರೆಂಟು ಹೋಗಿತ್ತು. ಮೊಮ್ಮಕ್ಕಳು ನಾವೆಲ್ಲ ಚಿಕ್ಕಜ್ಜಿಯ ಮಂಚದ ಸುತ್ತ ಕೂತು, ದೆವ್ವ ಅನ್ನೋದೆಲ್ಲ ಬರೀ ಮನಸ್ಸಿನ ಭ್ರಮೆ ಎಂದು ವಾದ ಮಾಡುತ್ತಿದ್ದೆವು. ನಮ್ಮಜ್ಜಿಯ ಒಡಹುಟ್ಟಿದ ತಂಗಿ ಆಕೆ. ಮಾತಿಗೆ ಕೂತರೆ ಎದುರಿಗಿದ್ದವರ ಕಾಲೆಳೆಯದೆ ಬಿಡುವವಳಲ್ಲ. ಅವತ್ತು ಮಾತ್ರ ಕಂಬಳಿ ಎಳೆದುಕೊಂಡು ಮೆಲ್ಲಗೆ ಶುರುಮಾಡಿದಳು.

"ಮನಸ್ಸಿನ ಭ್ರಮೆ ಅಂತೀರಾ... ನಮ್ಮ ಮೇಷ್ಟ್ರೂ ಹಾಗೇ ಅಂತಿದ್ದರು. ನಾನೂ ನಮ್ಮಕ್ಕನೂ ಒಂದೇ ಕಾಲೇಜು, ಅಲ್ಲಿ ಅವರು ನಮಗೊಂದು ಹಳೇ ದೆವ್ವದ ಕಾದಂಬರಿ ಪಾಠ ಮಾಡ್ತಿದ್ದರು. ಅದರಲ್ಲಿ ದೊಡ್ಡ ಬಂಗಲೆ, ಅಪ್ಪನ ಮಾತು ಮೀರದ ಮಗಳು, ಅವಳ ಕೋಣೆಯ ಗೋಡೆಯೊಳಗೆ ಯಾರೋ ಹೆಂಗಸು ಗುನುಗೋ ದನಿ... ಮೇಷ್ಟ್ರು ಹೇಳೋರು, ಅದು ದೆವ್ವ ಅಲ್ಲ, ಅಪ್ಪನ ಹೆದರಿಕೆಗೆ ಆ ಹುಡುಗಿ ನುಂಗಿಕೊಂಡ ಸಿಟ್ಟು, ಆಸೆ, ಎಲ್ಲ ಸುಪ್ತ ಮನಸ್ಸಲ್ಲಿ ಕೂತು ಗುನುಗ್ತಿದೆ ಅಂತ. ಅವರ ಪಾಠದ ರೀತಿಯೇ ಬೇರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಬೇಕು, 'ಅವಳು' ಅನ್ನಬಾರದು, 'ನಾನು' ಅಂತಲೇ ಉತ್ತರ ಕೊಡಬೇಕು. ಕೊನೆಗೆ ಮೇಷ್ಟ್ರು ನಮ್ಮ ನಿಜವಾದ ಹೆಸರು ಹಿಡಿದು ಕರೀತಾರೆ, ಕರೆದ ಮೇಲೇ ಏಳಬೇಕು.

"ಆ ಮಗಳ ಪಾತ್ರ ನಮ್ಮಕ್ಕನಿಗೆ ಬಂತು. ಅಕ್ಕ ಎಂಥವಳು ಗೊತ್ತಾ? ಅಪ್ಪನ ಚಪ್ಪಲಿ ಸದ್ದಿಗೇ ತಟ್ಟೆ ಬಿಟ್ಟು ಏಳೋಳು. ಬೆಂಚಿನ ಮೇಲೆ ಮಲಗಿದಳು, ಕಿಟಕಿಯ ಬಿಸಿಲು ಮುಖದ ಮೇಲೆ ನೀರಿನ ಹಾಗೆ ಅಲ್ಲಾಡ್ತಿತ್ತು... ಗೋಡೆಯೊಳಗಿರೋಳು ಏನಂತಾಳೆ ಅಂತ ಮೇಷ್ಟ್ರು ಕೇಳಿದರು. ಹಾಡು ಅಂದರೆ ಮಾರು ದೂರ ಓಡೋ ನಮ್ಮಕ್ಕ ಗುನುಗೋಕೆ ಶುರುಮಾಡಿದಳು. ಆಮೇಲೆ ನಿಧಾನವಾಗಿ, 'ನಾನು ಹೊರಗೆ ಬರಲಾ?' ಅಂದಳು. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಾಮ್ಮಾ ಅಂದವರೇ ಪೆನ್ನು ತಗೊಂಡು ಬರೆಯೋಕೆ ಕೂತರು, ಆ ಸಡಗರದಲ್ಲಿ ಅಕ್ಕನ ಹೆಸರು ಹಿಡಿದು ಕರೆಯೋದನ್ನೇ ಮರೆತರು. ಅವರು ಕರೆಯದಿದ್ದರೂ ಅವಳು ಎದ್ದು ಬಂದಳು...

"ಮನೆಗೆ ಬಂದು ಅಪ್ಪನ ಎದುರೇ ಕೂತು ಊಟ ಮಾಡಿದಳು, ನಾನು ಒಪ್ಪಿದವನನ್ನೇ ಮದುವೆಯಾಗೋದು ಅಂದಳು. ಅಪ್ಪ ಬೆಪ್ಪಾದರು, ಅಮ್ಮನಿಗೆ ಮಾತ್ರ ಹುಡುಗಿಗೆ ಧೈರ್ಯ ಬಂತು ಅಂತ ಖುಷಿಯೋ ಖುಷಿ. ನಾನೊಬ್ಬಳೇ ಗಮನಿಸಿದ್ದು... ಅಕ್ಕಾ ಅಂತ ಕರೆದರೆ ಒಂದು ಗಳಿಗೆ ತಡೆದು, ಹೊಸ ನೆಂಟರ ಹಾಗೆ ನಕ್ಕು ತಿರುಗೋಳು. ಮೇಷ್ಟ್ರ ಹತ್ತಿರ ಹೋಗಿ, ಅವಳನ್ನ ಮತ್ತೆ ಮಲಗಿಸಿ ಹೆಸರು ಹಿಡಿದು ಕರೀರಿ ಸಾರ್, ನನಗೆ ನನ್ನ ಅಕ್ಕ ಬೇಕು ಅಂತ ಅತ್ತೆ. ಅಕ್ಕನ ಮೇಲೆ ನಿನಗೆ ಒಳಗೊಳಗೇ ಹೊಟ್ಟೆಕಿಚ್ಚು ಅಂತ ಅದಕ್ಕೂ ಒಂದು ಅರ್ಥ ಹೇಳಿ ಕಳಿಸಿದರು. ನಾನು ಸೀನಿದ್ದರೂ ಅರ್ಥ ಹೇಳ್ತಿದ್ದರೋ ಏನೋ.

"ಒಂದು ದಿನ ಎಲ್ಲರೂ ಹೋದ ಮೇಲೆ ಕಾಲೇಜಿನ ಆ ಪಾಠದ ಕೋಣೆಗೆ ನಾನೇ ಹೋದೆ. ಬೆಂಚಿನ ಹಿಂದಿನ ಗೋಡೆಗೆ ಕೆನ್ನೆ ಇಟ್ಟು, ಅಕ್ಕನ ಹೆಸರು ಹಿಡಿದು ಕರೆದೆ. ಒಳಗಿಂದ 'ಓ' ಅಂದಳು... ಅಪ್ಪ ಕರೆದಾಗ ಓಗೊಡ್ತಿದ್ದಳಲ್ಲ, ಅದೇ ಅಂಜಿದ ದನಿ. ಮನೆಗೆ ಬಾ ಅಕ್ಕಾ ಅಂದೆ. 'ಬೇಡ ಕಣೇ, ಇಲ್ಲಿ ಯಾರೂ ಗದರೋದಿಲ್ಲ' ಅಂದಳು. ಈಗಲೂ ಆ ಕಡೆ ಹೋದಾಗ ಕರೀತೀನಿ. ಓ ಅಂತಾಳೆ, ದನಿ ಇನ್ನೂ ಹುಡುಗಿಯದೇ..."

 ಹಾಗಾದರೆ ನಮ್ಮಜ್ಜಿ ಯಾರು ಎಂದು ನಮ್ಮಲ್ಲಿ ಯಾರೋ ಮೆತ್ತಗೆ ಕೇಳಿದರು.

"ಒಳಗೆ ನಿಮಗೆಲ್ಲ ಹಾಸಿಗೆ ಹಾಸ್ತಿದ್ದಾಳಲ್ಲ, ಅವಳಾ? ಒಳ್ಳೆಯವಳೇ ಕಣ್ರೋ, ಇಷ್ಟು ವರ್ಷ ನನ್ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದಾಳೆ, ನನಗೂ ಅವಳೆಂದರೆ ಪ್ರಾಣ... ಆದರೆ ನನ್ನ ಅಕ್ಕನಿಗೆ ಮದುವೆಯೇ ಆಗಿಲ್ಲ, ಮಕ್ಕಳೇ."