ಮಸಿಬಟ್ಟೆ

...ಅದಲ್ಲಪ್ಪಾ, ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತೆ. ಈ ಕಡೆ ಇರೋದ್ರಲ್ಲಿ ಕೂತ್ಕೋ. ಹಾಂ, ಹಾಗೆ. ಅಷ್ಟು ದೊಡ್ಡ ಪಾತ್ರೆ ಇಳಿಸಿಕೊಟ್ಯಲ್ಲ, ದೇವರು ನಿನಗೆ ಒಳ್ಳೇದು ಮಾಡ್ಲಿ. ಮಸಿಬಟ್ಟೆ ಅಲ್ಲೇ ಇಡು, ಕೈಯೆಲ್ಲ ಕಪ್ಪಾಗುತ್ತೆ. ತಗೋ, ಸೂಪು. ಬ್ರೆಡ್ಡೂ ಇದೆ. ಹನ್ನೊಂದಕ್ಕೆ ತಾನೇ ನಿನ್ನನ್ನ ಮೇಲೆ ಕರೆಯೋದು? ಇನ್ನೂ ಕಾಲು ಗಂಟೆ ಇದೆ. ವಿಚಾರಣೆಗೆ ಖಾಲಿ ಹೊಟ್ಟೇಲಿ ಹೋಗಬಾರದು ತಮ್ಮಾ, ಬಾಯಿಂದ ಮಾತೇ ಹೊರಡಲ್ಲ.

ಯಾಕೆ ನಗ್ತೀಯಾ? ಓ... ಆ ರಾಶಿ ನೋಡಿದ್ಯಾ! ನಗು, ನಗು. ಹನ್ನೊಂದು ದಿನದಿಂದ ಈ ಚರ್ಚಿನ ಅಡುಗೆಮನೇಲಿ ನಿಂತಿದ್ದೀನಿ, ನನಗೂ ನಗು ಅಂತ ಬಂದಿದ್ರೆ ಅದು ಆ ರಾಶಿಯಿಂದಾನೇ. ಮನೆ ಸುಟ್ಟು ಹೋದವರಿಗೆ ನಮ್ಮ ಸಭೆಯವರ ಪ್ರೀತಿಯ ಕಾಣಿಕೆ! ಒಂಟಿ ಶೂ ಹದಿನಾಲ್ಕು. ಎಲ್ಲಾ ಬಲಗಾಲಿಂದೇ. ಒಂದು ಮದುವೆ ಗೌನು, ಸೊಂಟದ ಹತ್ರ ಹರಿದಿರೋದು. ಮತ್ತೆ ಆ ಡಬ್ಬಿ ಇದೆಯಲ್ಲ, ತೆಗೆದು ನೋಡು... ಮೇಣದಬತ್ತಿ! ಪರಿಮಳದ ಮೇಣದಬತ್ತಿ! ಜೊತೆಗೆ ಚೀಟಿ ಬೇರೆ, 'ನಿಮ್ಮ ಮನೆ ಸದಾ ಬೆಳಗಲಿ' ಅಂತ. ಅಯ್ಯೋ, ಬೆಳಗಿದ್ದು ಸಾಲದಾಗಿತ್ತಾ ತಾಯೀ?

ನೀವು ಬೆಂಕಿ ಆರಿಸೋರು ಕೇಳಿದ್ದು ಒಂದೇ ಒಂದು. ಕಾಲುಚೀಲ. ಒಣಗಿರೋ ಕಾಲುಚೀಲ. ಕೊಟ್ರಾ ಯಾರಾದ್ರೂ? ಪಾದ್ರಿಗಳು ಅರ್ಧ ಗಂಟೆ ಪ್ರಾರ್ಥನೆ ಕೊಟ್ರು. ಪಾಪ, ನೀವೆಲ್ಲ ಒದ್ದೆ ಕಾಲಲ್ಲೇ ನಿಂತ್ಕೊಂಡು ಆಮೆನ್ ಅಂದ್ರಿ. ಆಮೇಲೆ ನಿನ್ನ ಹೆಲ್ಮೆಟ್ ಇಸ್ಕೊಂಡು ತಲೆ ಮೇಲಿಟ್ಕೊಂಡು ಫೋಟೋ ತೆಗೆಸಿಕೊಂಡ್ರಲ್ಲ! ಕಣ್ಣಿನವರೆಗೂ ಇಳಿದಿತ್ತು. ಪಾದ್ರಿಯಮ್ಮ ಅದನ್ನ ದೊಡ್ಡದು ಮಾಡಿಸಿ ಬಾಗಿಲ ಹತ್ರ ತೂಗು ಹಾಕಿದ್ದಾರೆ. ಊರೆಲ್ಲ ಬೆಂಕಿ ಆರಿಸಿದ್ದು ಅವರೇ ಅನ್ನೋ ಹಾಗೆ.

ಕುಡಿ ಸೂಪು. ಆರಿಹೋಗುತ್ತೆ. ಆ ಮಸಿಬಟ್ಟೆ ಯಾಕೆ ಇನ್ನೂ ಹಿಡ್ಕೊಂಡಿದ್ದೀಯಾ? ಬಿಸಿ ಪಾತ್ರೆ ಏನಿಲ್ವಲ್ಲ ಈಗ.

ಉಪ್ಪು ಜಾಸ್ತಿ ಆಯ್ತಾ? ನಂದಲ್ಲಪ್ಪಾ ಅದು, ಬೇಕರಿಯವನ ಹೆಂಡತಿ ಕೈವಾಡ. ಬೆಳಿಗ್ಗೆ ನಾನು ಉಪ್ಪು ಹಾಕಿ ಆ ಕಡೆ ತಿರುಗೋದೇ ತಡ, ಅವಳು ಬಂದು ಇನ್ನೊಂದು ಹಿಡಿ ಹಾಕ್ತಾಳೆ. ಯಾಕೆ ಅಂದ್ರೆ, 'ಸೇವೆ ಅಕ್ಕಾ, ಸೇವೆ!' ಅಂತಾಳೆ. ಈ ಊರಲ್ಲಿ ಸೇವೆ ಮಾಡೋಕೆ ಜನ ಒಬ್ಬರ ಕಾಲು ಒಬ್ಬರು ತುಳೀತಾರೆ ನೋಡು. ಮೊದಲನೇ ವಾರ ನಿಮಗೆಲ್ಲ 'ನಮ್ಮ ದೇವದೂತರು' ಅಂತ ಬ್ಯಾನರು ಕಟ್ಟಿದ್ರು. ಮೊನ್ನೆ ಭಾನುವಾರ ನೀನು ಬಂದು ಕೂತಾಗ? ನಿನ್ನ ಬೆಂಚಲ್ಲಿ ನೀನೊಬ್ಬನೇ. ಆ ಕಡೆ ಬೆಂಚಲ್ಲಿ ಒಂಬತ್ತು ಜನ ಒತ್ಕೊಂಡು ಉಸಿರು ಬಿಡೋಕೆ ಒದ್ದಾಡ್ತಿದ್ರು, ಒಬ್ಬರಾದ್ರೂ ಎದ್ದು ಈ ಕಡೆ ಬಂದ್ರಾ? ದೇವದೂತ ಒಂದೇ ವಾರದಲ್ಲಿ ಸುಳ್ಳ ಆಗಿಬಿಟ್ಟ!

ನಾನಾ? ನಾನು... ನಾನು ಅಡುಗೆಮನೇಲಿ ಇದ್ನಲ್ಲಪ್ಪಾ. ಇಲ್ದಿದ್ರೆ ಬಂದು ಕೂರ್ತಿದ್ದೆ. ನಿನ್ನಾಣೆ ಕೂರ್ತಿದ್ದೆ.

ಹಾಗೆ ನೋಡಬೇಡ. ನನಗೂ ಬೇಜಾರಾಗುತ್ತೆ. ಪಿಯಾನೋ ಟೀಚರಿಗೆ ಹಾಗಾಯ್ತಲ್ಲ ಅಂತ ಯಾರಿಗೆ ಬೇಜಾರಿಲ್ಲ? ಆಸ್ಪತ್ರೇಲಿ ನೋಡ್ಕೊಂಡು ಬಂದೆ. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಇನ್ನು ಪಿಯಾನೋ ಮುಟ್ಟೋ ಹಾಗಿಲ್ವಂತೆ. ಕಿವಿ ಮೊದಲೇ ಮಂದ, ಈಗ ಕೈಯೂ ಹೋಯ್ತು. ಅವರನ್ನ ಎತ್ಕೊಂಡು ಬಂದವನು ನೀನೇ ತಾನೇ? ಕಿಟಕೀಲಿ ಕೈ ಕಂಡು ವಾಪಸ್ ಓಡಿದವನು ನೀನೇ. ಅದನ್ನ ಯಾರೂ ಹೇಳಲ್ಲ. 'ಮೊದಲನೇ ಸಲ ಅವರ ಮನೆ ದಾಟಿ ಯಾಕೆ ಮುಂದೆ ಹೋದ? ನಲವತ್ತು ನಿಮಿಷ ಯಾಕೆ ಬಿಟ್ಟ?' ಅಷ್ಟೇ ಕೇಳ್ತಾರೆ. ಇವತ್ತು ಮೇಲೆ ನಿಮ್ಮ ದಳದ ಸಾಹೇಬರೂ ಅದನ್ನೇ ಕೇಳ್ತಾರೆ. ಕೆಲಸದಿಂದಾನೇ ತೆಗೀತಾರಂತೆ, ಹೌದಾ? ಅಯ್ಯೋ... ಮಗು ಎಷ್ಟು ತಿಂಗಳು ಈಗ? ಆರಾ?

ನೀನು ಹೇಳಿದ್ದೇ ಹೇಳ್ತಿದ್ದೀಯಾ, ಗೇಟಿಗೆ ಬಟ್ಟೆ ಕಟ್ಟಿತ್ತು ಅಂತ. ನಮ್ಮ ಚರ್ಚಿನ ಪದ್ಧತಿ ನಿನಗೂ ಗೊತ್ತು, ನಿಮ್ಮ ದಳದವರ ಜೊತೆ ಕೂತೇ ಮಾಡಿದ್ದು. ಕಾಡಲ್ಲಿ ಬೆಂಕಿ ಬಿತ್ತು ಅಂದ್ರೆ ಬೀದಿಗೊಬ್ಬರು. ಪ್ರತಿ ಮನೆ ಬಾಗಿಲು ತಟ್ಟಬೇಕು. ಒಳಗಿರೋರನ್ನ ಕಣ್ಣಾರೆ ನೋಡಿ ಹೊರಡಿಸಬೇಕು. ಆಮೇಲೇನೇ ಗೇಟಿಗೆ ಬಿಳಿ ಬಟ್ಟೆ ಕಟ್ಟೋದು. ಬಟ್ಟೆ ಕಂಡ್ರೆ ಮನೆ ಖಾಲಿ, ನೀವು ನಿಲ್ಲದೆ ಮುಂದಿನ ಮನೆಗೆ ಹೋಗ್ತೀರಿ. ಪಾದ್ರಿಯಮ್ಮ ತಮ್ಮ ಮನೆ ಬೆಡ್‌ಶೀಟು ಹರಿದು ಎಲ್ಲರಿಗೂ ಲೆಕ್ಕ ಮಾಡಿ ಬಟ್ಟೆ ಪಟ್ಟಿ ಕೊಟ್ಟಿದ್ರು. ಎಲ್ಲಾ ಬಿಳಿ. ಅಚ್ಚ ಬಿಳಿ. ನೀನು ಹೋಗಿ ಹೇಳಿದ್ದೇನು? ಹೂವಿನ ಬಟ್ಟೆ ಕಟ್ಟಿತ್ತು ಅಂತ! ಹಳದಿ ಹೂವು! ಇಡೀ ಸಭೆ ಬಿದ್ದು ಬಿದ್ದು ನಕ್ತು. 'ಸುಳ್ಳು ಹೇಳೋಕೂ ಬರಲ್ವಲ್ಲ ಇವನಿಗೆ, ಬಿಳಿ ಅಂತ ಹೇಳಿದ್ರೂ ನಂಬ್ತಿದ್ವಿ' ಅಂದ ಬೇಕರಿಯವನು. ನಾನೂ ನಕ್ಕೆ. ಹೂಂ, ಸುಳ್ಳು ಯಾಕೆ ಹೇಳ್ಲಿ, ನಾನೇ ಜೋರಾಗಿ ನಕ್ಕೆ. ತಪ್ಪು ತಿಳ್ಕೋಬೇಡಪ್ಪಾ, ಎಲ್ಲರೂ ನಗುವಾಗ ನಗು ಬಂದ್ಬಿಡುತ್ತೆ.

ಎಲ್ಲಿಗೆ ಹೊರಟೆ? ಸೂಪು ಮುಗಿಸೇ ಇಲ್ವಲ್ಲ! ಕೈ ತೊಳ್ಕೋತೀಯಾ? ತೊಳ್ಕೋ. ಸೋಪು ಆ ಕಡೆ ಇದೆ.

ಗೇಟೇ ಸುಟ್ಟು ಕರಕಲಾಗಿದೆ, ಇನ್ನು ಬಟ್ಟೆ ಎಲ್ಲಿಂದ ತರ್ತೀಯಾ? ಸಾಕ್ಷಿ ಅಂತ ಇರೋದು ನಾನು ಬರೆದ ಮನೆಗಳ ಲಿಸ್ಟು ಒಂದೇ. ಆ ಬೀದಿ ನಂದು. ಅದರಲ್ಲಿ ಟೀಚರ್ ಹೆಸರಿನ ಮುಂದೆ ನಾನು ಬರೆದಿರೋದನ್ನ ಎಲ್ಲರೂ ಓದಿದ್ದಾರೆ: 'ಬೆಂಕಿ ಅಡ್ಡ ಬಂತು, ಹೋಗೋಕಾಗಲಿಲ್ಲ.' ನಾನು ಹೋಗೇ ಇಲ್ಲ ಅಂದ್ಮೇಲೆ ಬಟ್ಟೆ ಯಾರು ಕಟ್ತಾರೆ? ಹೊಗೇಲಿ ಏನೋ ಕಂಡಿರುತ್ತೆ ನಿನಗೆ. ಬಳ್ಳಿಯೋ, ಕಾಗದವೋ... ಎರಡು ರಾತ್ರಿ ನಿದ್ದೆ ಬೇರೆ ಇರ್ಲಿಲ್ಲ ನಿಮಗೆ. ಹಾಗಂತ ಹೇಳ್ಬಿಡು. 'ಕಣ್ಣು ಮಂಜಾಗಿತ್ತು, ಕ್ಷಮಿಸಿ' ಅಂತ. ತಲೆ ತಗ್ಗಿಸಿ ಹೇಳಿದ್ರೆ ಕ್ಷಮಿಸ್ತಾರಪ್ಪಾ, ಕ್ಷಮಿಸೋದು ಅಂದ್ರೆ ನಮ್ಮವರಿಗೆ ಬಹಳ ಇಷ್ಟ.

ಏಯ್... ಅದನ್ನ ಯಾಕೆ ತೊಳೀತಿದ್ದೀಯಾ? ಮಸಿಬಟ್ಟೆ ಅದು, ಬಿಡು! ಯಾರಾದ್ರೂ ಮಸಿಬಟ್ಟೆಗೆ ಸೋಪು ಹಾಕ್ತಾರಾ? ಬಿಡು ಅಂದ್ನಲ್ಲ. ಇಲ್ಲಿ ಕೊಡು. ಬೇರೆ ಇದೆ ನನ್ನ ಹತ್ರ, ಅದನ್ನ ಬಿಸಾಕು... ತಮ್ಮಾ, ಕೇಳಿಸ್ತಿಲ್ವಾ? ನಿನಗೂ ಟೀಚರ್ ಹಾಗೆ ಕಿವಿ ಮಂದ ಆಯ್ತಾ?

...

ಹೂಂ. ಹೂವು. ಹೂವು ಇದ್ರೆ ಏನೀಗ? ಹಳದಿ ಹೂವಿನ ಬಟ್ಟೆ ಲೋಕದಲ್ಲಿ ಇದೊಂದೇನಾ? ನೇಯೋರು ನನಗೊಬ್ಬಳಿಗೇ ಅಂತ ನೇಯ್ತಾರಾ? ದಿಂಬಿನ ಕವರು ಅದು. ಹಳೇದು. ಅರ್ಧ ಹರಿದು ಹೋಗಿತ್ತು, ಇನ್ನರ್ಧ ಚೆನ್ನಾಗಿತ್ತು, ಬಿಸಾಕೋಕೆ ಮನಸಾಗದೆ ಇಲ್ಲಿಗೆ ತಂದೆ. ನಾನು ಏನನ್ನೂ ಬಿಸಾಕಲ್ಲ, ನಮ್ಮ ಯಜಮಾನ್ರನ್ನ ಬೇಕಾದ್ರೆ ಕೇಳು. ಹನ್ನೊಂದು ದಿನದಿಂದ ಇದರಲ್ಲೇ ಪಾತ್ರೆ ಹಿಡೀತಿದ್ದೀನಿ, ಮಸಿಬಟ್ಟೇನ ಯಾರು ನೋಡ್ತಾರೆ?

ಇನ್ನರ್ಧ... ಇನ್ನರ್ಧ ಎಲ್ಲಿದೆಯೋ, ಯಾರಿಗೆ ಗೊತ್ತು?

ಏನಾದ್ರೂ ಮಾತಾಡಪ್ಪಾ. ಬೈಯಿ. ಕೂಗಾಡು. ಮೇಜಿನ ಮೇಲೆ ಹಾಗೆ ಬಿಚ್ಚಿ ಹಾಸಿಟ್ಟು ಸುಮ್ನೆ ನಿಂತ್ರೆ ನಾನೇನು ತಿಳ್ಕೋಬೇಕು?

ಅರವತ್ತೆರಡು ಮೆಟ್ಲು! ಎಣಿಸಿದ್ದೀಯಾ ನೀನು? ಗೇಟು ರಸ್ತೇಲಿ, ಮನೆ ಆಕಾಶದಲ್ಲಿ. ನನ್ನ ಮಂಡಿ ನೋಡು, ನೋಡು ಹೇಗೆ ಊದಿದೆ. ಪರದೆ ಎಲ್ಲಾ ಎಳೆದಿತ್ತು. ಹೋಗಿರ್ತಾರೆ ಅಂದ್ಕೊಂಡೆ. ಯಾರಾದ್ರೂ ಹಾಗೇ ಅಂದ್ಕೊಳ್ತಿದ್ರು! ಕೆಳಗಿಂದಾನೇ ಕೂಗಿದೆ ನಾನು. 'ಟೀಚರ್!' ಅಂತ. ಜೋರಾಗೇ ಕೂಗಿದೆ... ಒಂದು ಸಲ.

ಕಿವಿ ಮಂದ ಅಂತ ಗೊತ್ತಿತ್ತು. ಗೊತ್ತಿತ್ತಪ್ಪಾ, ಗೊತ್ತಿತ್ತು! ಅದಕ್ಕೇನೀಗ? ಹನ್ನೆರಡು ವರ್ಷದಿಂದ ಮಾತಿಲ್ಲ ನಮ್ಮಿಬ್ಬರಿಗೆ. ಎಲ್ಲರ ಮುಂದೆ ನನಗೆ ಏನಂದ್ರು ಗೊತ್ತಾ ಆ ಮಹಾತಾಯಿ? 'ಅಕ್ಕಾ, ನೀವು ಹಾಡೋದು ಬೇಡ, ಬಾಯಿ ಆಡಿಸಿ ಸಾಕು.' ಹನ್ನೆರಡು ವರ್ಷ ನಾನು ಕ್ವಾಯರಿನ ಕೊನೇ ಸಾಲಲ್ಲಿ ನಿಂತು ಬರೀ ಬಾಯಿ ಆಡಿಸಿದ್ದೀನಿ! ಅಂಥವರ ಮನೆಗೆ ಅರವತ್ತೆರಡು ಮೆಟ್ಲು ಹತ್ತಿ ಹೋಗಿ, 'ಬನ್ನಿ ಟೀಚರ್, ಜೀವ ಉಳಿಸ್ಕೊಳ್ಳಿ' ಅಂತ ಬೇಡ್ಕೋಬೇಕಿತ್ತಾ?

...ಬೇಡ್ಕೋಬೇಕಿತ್ತು.

ಬಿಳಿ ಪಟ್ಟಿ ಮುಗಿದಿತ್ತು. ಮುಗಿದಿತ್ತು ಅಂದ್ರೆ... ಒಂದನ್ನ ನನ್ನ ಸೂಟ್‌ಕೇಸಿಗೆ ಕಟ್ಟಿದ್ದೆ, ಬೀಗ ಕೆಟ್ಟಿತ್ತು ಅಂತ. ಕೈಗೆ ಸಿಕ್ಕಿದ್ದು ದಿಂಬಿನ ಕವರು. ಹರಿದೆ, ಕಟ್ಟಿದೆ, ಹೋದೆ. ಗೇಟಿಗೆ ಎರಡು ಗಂಟು ಹಾಕಿದೆ, ಗಾಳಿಗೆ ಬಿಚ್ಚಿಹೋಗಬಾರದು ಅಂತ. ಎಷ್ಟು ನೀಟಾಗಿ ಮಾಡಿದೆ ನೋಡು ಕೆಲಸಾನ! ಸಾಯಂಕಾಲ ಸುದ್ದಿ ಬಂತು, ಟೀಚರ್ ಒಳಗೇ ಇದ್ರು ಅಂತ. ಲಿಸ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಪೆನ್ನೂ ಇತ್ತು. ಬೆಂಕಿ ಅಡ್ಡ ಬಂತು ಅಂತ ಬರೆಯೋಕೆ ಎಷ್ಟು ಹೊತ್ತು ಬೇಕು?

ನಿನಗೆ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೆ ದಿನಾ ನಿನಗೊಂದು ಸೌಟು ಸೂಪು ಜಾಸ್ತಿ ಹಾಕಿದೆ. ದರಿದ್ರ ಸೂಪು! ಥೂ!

ಯಾರೋ ಕೂಗ್ತಿದ್ದಾರೆ... ಪಾದ್ರಿಗಳು. ನಿನ್ನನ್ನೇ. ಹೋಗು. ತಗೊಂಡು ಹೋಗು ಆ ಬಟ್ಟೆ, ಅವರ ಮುಂದೆ ಹಾಸು. ಬೇಕರಿಯವನೂ ಅಲ್ಲೇ ಇರ್ತಾನೆ, ಈಗ ನಗ್ಲಿ ನೋಡೋಣ. ಹೋಗಪ್ಪಾ, ಯಾಕೆ ನಿಂತೆ? ನನ್ನ ಕೈಗೆ ಯಾಕೆ ಇಡ್ತಿದ್ದೀಯಾ? ಬೇಡ. ಬೇಡ ಅಂದೆ. ನೀನೇ ತೋರಿಸು, ನೀನೇ ಹೇಳು, ನಾನು ಇಲ್ಲ ಅನ್ನಲ್ಲ... ಇಲ್ಲ ಅಂತೀನಾ? ಅಂದ್ರೂ ಅಂತೀನಿ. ಅಷ್ಟು ಜನರ ಮುಖ ನೋಡಿದ್ರೆ ಅಂತೀನಿ. ನನ್ನ ಬಾಯಿ ನನಗೆ ಗೊತ್ತು.

ಅದಕ್ಕೇನಾ? ಅದಕ್ಕೇನಾ ನನ್ನ ಕೈಗೇ ಇಟ್ಟಿದ್ದು?

ಇರು, ಸ್ಟೌ ಆರಿಸ್ತೀನಿ. ಬೆಂಕಿ ಹಾಗೇ ಬಿಟ್ಟು ಹೋಗಬಾರದು, ನೀವೇ ಹೇಳಿಕೊಟ್ಟಿದ್ದು... ಮೇಲಕ್ಕೆ ಎಷ್ಟು ಮೆಟ್ಲು? ಹದಿನೆಂಟಾ? ಕೈ ಹಿಡ್ಕೋಬೇಡ, ಹತ್ತುತೀನಿ. ಇಷ್ಟು ಒದ್ದೆ ಬಟ್ಟೆ, ದಾರಿಯುದ್ದಕ್ಕೂ ನೀರು ಸೋರುತ್ತೆ. ಸೋರ್ಲಿ. ಪಾದ್ರಿಯಮ್ಮ ಒರೆಸ್ಕೋತಾರೆ.

ತಮ್ಮಾ... ಬಾಗಿಲು ಹಾಕಿರ್ತಾರಲ್ಲ? ತಟ್ಟಬೇಕಾ, ಇಲ್ಲಾ ಇಲ್ಲಿಂದಾನೇ ಒಂದು ಸಲ ಕೂಗಿ ನೋಡ್ಲಾ?

ಹಾಗೆ ನೋಡಬೇಡ. ತಟ್ತೀನಿ. ಹೋಗಿ ತಟ್ತೀನಪ್ಪಾ.